ಸುಮ್ಮನೆ ಹೋಗಿ ಬಂದೆವು ಎನ್ನಬೇಡಿ
ಕೊಡಗಿನ ಮನೆ ಹಿರಿಯರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಪಟ್ಟೆದಾರರೇ, ತೋಟದ ಯಜಮಾನರೇ, ಲೈನ್‌ಮನೆಯ ಮೇಸ್ತ್ರಿಗಳೇ, ರಾತ್ರಿ ಹೊತ್ತು ಕಾರಿನ ಕೀಲಿ ಯಾರ ಕೈಯಲ್ಲಿರುತ್ತದೋ ಆ ಎಲ್ಲ ಹಿರಿಯರೇ,

ಮನೆಯೊಳಗೇ ಆಡಿ ಮುಗಿಸಬಹುದಾಗಿದ್ದ ಮಾತನ್ನು ಊರ ಮುಂದೆ ಇಡುತ್ತಿರುವುದಕ್ಕೆ ಕಾರಣವಿದೆ. ಇದು ನಮ್ಮೊಬ್ಬರ ಮನೆಯ ಮಾತಲ್ಲ. ತಲೆಗೆ ಪೆಟ್ಟಾದವನನ್ನು ಆಸ್ಪತ್ರೆಯಿಂದ ಮನೆಗೆ ಕರೆತಂದ ಮೇಲೆ, ಕೆಲವು ದಿನ ಕಳೆದು ಅವನಲ್ಲಿ ಹೊಸದೇನೋ ಕಾಣಿಸಿಕೊಂಡಾಗ, ಕೊಡಗಿನ ಮನೆಗಳಲ್ಲಿ ಎರಡು ಮಾತು ಹುಟ್ಟುತ್ತವೆ. ರಾತ್ರಿ ಹುಟ್ಟುವ ಮಾತು ‘ಬೆಳಿಗ್ಗೆ ನೋಡೋಣ’. ಆ ಮಾತನ್ನು ಮೀರಿ ಯಾರಾದರೂ ಹೊರಟು, ಮೈಸೂರಿಗೋ ಮಂಗಳೂರಿಗೋ ಹೋಗಿ, ದೊಡ್ಡದೇನೂ ಇಲ್ಲ ಎನಿಸಿಕೊಂಡು ಬಂದರೆ ಮರುದಿನ ಹುಟ್ಟುವ ಮಾತು ‘ಸುಮ್ಮನೆ ಹೋಗಿ ಬಂದರು’. ಮೊದಲನೆಯದಕ್ಕಿಂತ ಎರಡನೆಯದಕ್ಕೇ ನಾನು ಹೆಚ್ಚು ಹೆದರುತ್ತೇನೆ. ಮೊದಲನೆಯದು ಒಂದು ರಾತ್ರಿಯನ್ನು ಕೆಡಿಸುತ್ತದೆ. ಎರಡನೆಯದು ಮುಂದಿನ ಸಲ ಬಾಯಿ ತೆರೆಯಬೇಕಾದವರ ಬಾಯಿಯನ್ನೇ ಮುಚ್ಚಿಸುತ್ತದೆ.

ನಮ್ಮ ಜಿಲ್ಲೆಯಲ್ಲಿ ತಲೆಗೆ ಪೆಟ್ಟು ಬೀಳುವುದು ಅಪರೂಪದ ಸಂಗತಿಯಲ್ಲ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಕರಿಮೆಣಸಿನ ಕೊಯ್ಲು. ಸಿಲ್ವರ್ ಓಕ್ ಮರಕ್ಕೆ ಏಣಿ ಒರಗಿಸಿ, ಸೊಂಟಕ್ಕೆ ಚೀಲ ಕಟ್ಟಿ ಹತ್ತುವ ಕಾರ್ಮಿಕನ ತಲೆಗೆ ಹೆಚ್ಚೆಂದರೆ ಒಂದು ಟವೆಲ್ಲು. ಅದೇ ಹೊತ್ತಿಗೆ ಹಾಕಿಯ ಕಾಲ. ಮಳೆ ಶುರುವಾದ ಮೇಲೆ ಪಾಚಿ ಕಟ್ಟಿದ ಅಂಗಳದಲ್ಲಿ, ಕಲ್ಲಿನ ಮೆಟ್ಟಿಲಲ್ಲಿ, ಬಚ್ಚಲ ಬಾಗಿಲಲ್ಲಿ ಅಜ್ಜಿ ತಾತಂದಿರು ಜಾರುತ್ತಾರೆ. ತಿರುವುಗಳಲ್ಲಿ ಬೈಕು ಜಾರುವುದಂತೂ ವರ್ಷವಿಡೀ. ಇವರಲ್ಲಿ ಬಹಳ ಮಂದಿ ಎದ್ದು, ಮಣ್ಣು ಕೊಡವಿಕೊಂಡು, ‘ಏನಾಗಿಲ್ಲ’ ಎನ್ನುತ್ತಾರೆ. ಹಾಗೆ ಎನ್ನುವುದನ್ನು ನಾವೇ ಅವರಿಗೆ ಕಲಿಸಿದ್ದೇವೆ. ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ, ಜನರಲ್ ತಿಮ್ಮಯ್ಯನವರ ನಾಡು ಇದು. ಪೆಟ್ಟು ತಿಂದು ನಿಂತವನನ್ನು ಮೆಚ್ಚುವುದು ನಮ್ಮ ರಕ್ತದಲ್ಲಿದೆ, ಅದು ಹೆಮ್ಮೆಯ ಗುಣವೇ. ಆದರೆ ಮಿದುಳಿಗೆ ಪೆಟ್ಟಾದಾಗ ‘ನನಗೇನಾಗಿದೆ’ ಎಂದು ತೂಗಿ ನೋಡುವ ಶಕ್ತಿಯೇ ಕೆಡಬಹುದು. ಪೆಟ್ಟು ತಿಂದವನ ಧೈರ್ಯದ ಮಾತನ್ನು ಅಲ್ಲಿ ಸಾಕ್ಷಿಯಾಗಿ ತೆಗೆದುಕೊಳ್ಳುವಂತಿಲ್ಲ.

ಹಾಕಿಯ ವಿಷಯ ಬಂದದ್ದರಿಂದ ಹೇಳುತ್ತೇನೆ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು 60 ಒಕ್ಕಗಳನ್ನು, ಅಂದರೆ ಕೊಡವ ಮನೆತನಗಳನ್ನು, ಸೇರಿಸಿ ಶುರುಮಾಡಿದ ಕೌಟುಂಬಿಕ ಹಾಕಿ ಉತ್ಸವ, 2024ರಲ್ಲಿ ನಾಪೋಕ್ಲುವಿನ ಕುಂಡ್ಯೋಳಂಡ ಕಪ್ ಹೊತ್ತಿಗೆ 360 ಒಕ್ಕಗಳನ್ನು ತಲುಪಿ ಗಿನ್ನೆಸ್ ದಾಖಲೆ ಸೇರಿತು. ಮರುವರ್ಷ ಮಡಿಕೇರಿಯ ಮುದ್ದಂಡ ಕಪ್‌ನಲ್ಲಿ 396 ಒಕ್ಕಗಳು ಆಡಿದವು. ಒಂದೇ ತಂಡದಲ್ಲಿ ಅಪ್ಪ, ಮಗಳು, ಸೊಸೆ, ಎಪ್ಪತ್ತರ ಅಜ್ಜ ಕೋಲು ಹಿಡಿದು ನಿಲ್ಲುವ ಇಂಥ ಆಟ ಬೇರೆಲ್ಲಿದೆ? ನಾನು ಅದನ್ನು ಪ್ರೀತಿಸುವವಳು. ಆದರೆ ಆ ಚೆಂಡಿನ ತೂಕ 156ರಿಂದ 163 ಗ್ರಾಂ, ಅಂದರೆ ಹೆಚ್ಚುಕಡಿಮೆ ಕ್ರಿಕೆಟ್ ಚೆಂಡಿನಷ್ಟೇ. ಕ್ರಿಕೆಟ್‌ನಲ್ಲಿ ಅದನ್ನು ಎದುರಿಸುವವನ ತಲೆಯ ಮೇಲೆ ಹೆಲ್ಮೆಟ್ ಇರುತ್ತದೆ. ನಮ್ಮ ಹುಡುಗರ ತಲೆಯ ಮೇಲೆ, ಗೋಲ್‌ಕೀಪರ್ ಒಬ್ಬನನ್ನು ಬಿಟ್ಟರೆ, ಏನೂ ಇರುವುದಿಲ್ಲ.

ನನ್ನ ತಮ್ಮನಿಗೆ ಹಾಗೇ ಆಯಿತು. ಯಾವ ಟೂರ್ನಿಯೂ ಅಲ್ಲ, ಊರಿನ ಮೈದಾನದಲ್ಲಿ ಸಂಜೆಯ ಅಭ್ಯಾಸದಾಟ. ಚೆಂಡು ಕಿವಿಯ ಮೇಲ್ಭಾಗಕ್ಕೆ ಬಡಿಯಿತು. ಬಿದ್ದ, ಎದ್ದ, ಯಾವ ಕಡೆಯ ಗೋಲಿಗೆ ಆಡುತ್ತಿದ್ದೇನೆ ಎಂದು ಕೇಳಿದ. ಕರೆದುಕೊಂಡು ಹೋದರು, ಸ್ಕ್ಯಾನಿಂಗ್ ಆಯಿತು, ರಕ್ತವಿಲ್ಲ, ಮೂಳೆ ಬಿರಿದಿಲ್ಲ, ಕನ್ಕಷನ್ ಎಂದು ಹೇಳಿ ಕಳಿಸಿದರು. ಆ ದಿನ ನೀವೆಲ್ಲ ಮಾಡಿದ್ದಕ್ಕೆ ನಾನು ಋಣಿ. ಜೀಪು, ದುಡ್ಡು, ಫೋನು, ಯಾವುದಕ್ಕೂ ಕೊರತೆಯಾಗಲಿಲ್ಲ. ಮೊದಲ ದಿನ ಕೊಡಗಿನವರು ಎಂದೂ ಹಿಂದೆ ಬೀಳುವವರಲ್ಲ.

ಕಷ್ಟವಾದದ್ದು ಎರಡನೆಯ ವಾರದಲ್ಲಿ. ನೋವು ಇಳಿಮುಖವಾಗಿತ್ತು, ಹುಡುಗ ಗೇಟಿನವರೆಗೆ ನಡೆದು ಬರುತ್ತಿದ್ದ. ಒಂದು ರಾತ್ರಿ ಇದ್ದಕ್ಕಿದ್ದಂತೆ ತಲೆನೋವು ಏರಿತು, ವಾಂತಿ ಮಾಡಿದ, ಸ್ವಲ್ಪ ಹೊತ್ತಿಗೆ ಮತ್ತೆ ಮಾಡಿದ. ಮಾತಾಡಿಸಿದರೆ ಸಿಡುಕಿದ, ಆಮೇಲೆ ಕಣ್ಣು ಮುಚ್ಚಿ ಮಲಗಿಬಿಟ್ಟ. ಹೊರಗೆ ಮಳೆ. ಪಿತ್ತ ಕೆದರಿರಬೇಕು ಎಂದರು ಒಬ್ಬರು. ಸ್ಕ್ಯಾನಿಂಗ್‌ನಲ್ಲಿ ಏನೂ ಇಲ್ಲ ಅಂದಿದ್ದಾರಲ್ಲ ಎಂದರು ಇನ್ನೊಬ್ಬರು. ನಿದ್ದೆ ಬಂದಿದೆ, ಎಬ್ಬಿಸಬೇಡಿ ಎಂದರು ಮತ್ತೊಬ್ಬರು. ಅವನ ಹೆಂಡತಿ ಮಾತ್ರ ಬಾಗಿಲಲ್ಲಿ ನಿಂತು, ‘ಇವತ್ತು ಇವರು ಇವರ ಹಾಗಿಲ್ಲ’ ಎಂದಳು. ಆ ಒಂದು ಮಾತಿನ ಮೇಲೆ ನಾವು ಹೊರಟೆವು.

ಮೈಸೂರಿನಲ್ಲಿ ಮತ್ತೆ ಸ್ಕ್ಯಾನಿಂಗ್ ಮಾಡಿದರು. ಏನೂ ಇರಲಿಲ್ಲ. ಪೆಟ್ಟಿನ ನಂತರ ಕೆಲವರಿಗೆ ಬರುವ, ಮೈಗ್ರೇನ್‌ನಂಥ ತಲೆನೋವು ಎಂದರು ಡಾಕ್ಟರು. ಅಂಗಡಿಯಿಂದ ತಂದು ನುಂಗುತ್ತಿದ್ದ ನೋವಿನ ಮಾತ್ರೆ ನಿಲ್ಲಿಸಿದರು, ನಿದ್ದೆಯ ಹೊತ್ತು ಸರಿಪಡಿಸಿದರು, ಒಂದು ದಿನ ಇಟ್ಟುಕೊಂಡು ಕಳಿಸಿದರು. ಊರಿಗೆ ಬಂದ ಮೇಲೆ ಕೇಳಿದ ಮಾತು ಅದೇ: ಸುಮ್ಮನೆ ಹೋಗಿ ಬಂದಿರಿ, ಆ ಮಳೆಯಲ್ಲಿ, ಅಷ್ಟು ಖರ್ಚು ಮಾಡಿ. ಹೇಳಿದವರ ಮನಸ್ಸಿನಲ್ಲಿ ಕೆಡುಕಿರಲಿಲ್ಲ ಎಂದು ಬಲ್ಲೆ. ಆದರೆ ಅದನ್ನು ಕೇಳಿ ನನ್ನ ನಾದಿನಿ ತಲೆ ತಗ್ಗಿಸಿದಳು. ಈ ಪತ್ರ ಬರೆಯಲೇಬೇಕು ಎನ್ನಿಸಿದ್ದು ಆಗ.

ಹಿರಿಯರೇ, ಅವಳ ಮಾತು ಸರಿಯಾಗಿತ್ತು. ಸ್ಕ್ಯಾನಿಂಗ್ ಏನೇ ಹೇಳಲಿ, ಹೊರಡುವ ತೀರ್ಮಾನ ಸರಿಯಾಗಿತ್ತು. ಏಕೆ ಎಂದು ಹೇಳುತ್ತೇನೆ.

ಕನ್ಕಷನ್ ಎಂದರೆ ತಲೆಬುರುಡೆಯ ಒಳಗೆ ದ್ರವದಲ್ಲಿರುವ ಮಿದುಳು ಜೋರಾಗಿ ಅಲುಗಾಡಿ, ಅದರ ಕೆಲಸದಲ್ಲಿ ಏರುಪೇರಾಗುವುದು. ಪ್ರಜ್ಞೆ ತಪ್ಪಲೇಬೇಕೆಂದಿಲ್ಲ, ಬಹಳ ಜನಕ್ಕೆ ತಪ್ಪುವುದೂ ಇಲ್ಲ. ಅದು ಸಿಟಿ ಸ್ಕ್ಯಾನ್‌ನಲ್ಲಿ ಕಾಣಿಸುವಂಥದ್ದಲ್ಲ. ಸ್ಕ್ಯಾನ್ ಹುಡುಕುವುದು ರಕ್ತವನ್ನು, ಬಿರುಕನ್ನು, ಊತವನ್ನು. ಅದೂ ಆ ಗಂಟೆಯಲ್ಲಿ ಎಷ್ಟಿತ್ತೋ ಅಷ್ಟನ್ನು. ಮೊದಲ ದಿನ ತೆಗೆದ ಚಿತ್ರಕ್ಕೆ ಹತ್ತನೆಯ ದಿನದ ಬಗ್ಗೆ ಹೇಳಲು ಏನೂ ಇಲ್ಲ. ಅದಕ್ಕೇ ಡಿಸ್ಚಾರ್ಜ್ ಚೀಟಿಯ ಕೆಳಗೆ ‘ಹೀಗಾದರೆ ತಕ್ಷಣ ಮತ್ತೆ ಬನ್ನಿ’ ಎಂದು ಬರೆಯುವುದು. ನಾವು ಆ ಚೀಟಿಯನ್ನು ಬಿಲ್ಲಿನ ಜೊತೆ ಮಡಚಿ ಬೀರುವಿನಲ್ಲಿ ಇಡುತ್ತೇವೆ. ಅದು ಇರಬೇಕಾದದ್ದು ಅಡುಗೆಮನೆಯ ಗೋಡೆಯ ಮೇಲೆ.

ಪೆಟ್ಟು ತಿಂದವನು ನಡೆದು ಹೋದ ಎಂಬುದೂ ಏನನ್ನೂ ಸಾಬೀತು ಮಾಡುವುದಿಲ್ಲ. ಭಾರತ ತಂಡಕ್ಕೆ ಆಡಿದ್ದ ರಮಣ್ ಲಾಂಬಾ 1998ರ ಫೆಬ್ರವರಿಯಲ್ಲಿ ಢಾಕಾದ ಕ್ಲಬ್ ಪಂದ್ಯವೊಂದರಲ್ಲಿ ಶಾರ್ಟ್ ಲೆಗ್‌ನಲ್ಲಿ ಹೆಲ್ಮೆಟ್ ಇಲ್ಲದೆ ನಿಂತಿದ್ದರು. ಚೆಂಡು ಹಣೆಯ ಪಕ್ಕಕ್ಕೆ ಬಡಿಯಿತು. ಎದ್ದು ತಾವೇ ಡ್ರೆಸಿಂಗ್ ರೂಮಿಗೆ ನಡೆದು ಹೋದರು. ಆಮೇಲೆ ಸ್ಥಿತಿ ಕೆಟ್ಟಿತು, ಶಸ್ತ್ರಚಿಕಿತ್ಸೆಯೂ ಆಯಿತು, ಆದರೆ ಫೆಬ್ರವರಿ 23ರಂದು ತೀರಿಕೊಂಡರು. ವಯಸ್ಸು 38. 2009ರ ಮಾರ್ಚ್‌ನಲ್ಲಿ ಇಂಗ್ಲೆಂಡಿನ ನಟಿ ನತಾಶಾ ರಿಚರ್ಡ್ಸನ್ ಕೆನಡಾದಲ್ಲಿ ಹಿಮದ ಮೇಲೆ ಸ್ಕೀಯಿಂಗ್ ಕಲಿಯುವಾಗ ಬಿದ್ದು, ನಗುನಗುತ್ತಲೇ ಎದ್ದು, ಬಂದ ಆಂಬ್ಯುಲೆನ್ಸ್ ಬೇಡವೆಂದು ಹೋಟೆಲಿಗೆ ಹೋದರು. ಎರಡು ದಿನದಲ್ಲಿ ಅವರೂ ಇಲ್ಲವಾದರು. ತಲೆಬುರುಡೆಗೂ ಮಿದುಳಿನ ಹೊದಿಕೆಗೂ ನಡುವೆ ರಕ್ತನಾಳ ಒಡೆದಾಗ, ರಕ್ತ ತುಂಬಿಕೊಳ್ಳುವವರೆಗಿನ ಆ ಹೊತ್ತಿನಲ್ಲಿ ಮನುಷ್ಯ ಮಾತಾಡುತ್ತಾನೆ, ಕಾಫಿ ಕೇಳುತ್ತಾನೆ, ಎಲ್ಲ ಸರಿಯಿದೆ ಎನ್ನಿಸುತ್ತದೆ. ಆ ಹೊತ್ತಿನಲ್ಲೇ ಕರೆದೊಯ್ದರೆ ಉಳಿಸಿಕೊಳ್ಳುವ ದಾರಿಯಿದೆ.

ಇವು ಗಂಟೆಗಳ ಲೆಕ್ಕದ ಕಥೆ. ವಾರಗಳ ಲೆಕ್ಕದ್ದು ಬೇರೆಯೇ ಇದೆ, ಮತ್ತು ಅದು ನಿಮಗೆ, ಅಂದರೆ ಅರವತ್ತು ದಾಟಿದ ಹಿರಿಯರಿಗೆ, ನೇರವಾಗಿ ಸಂಬಂಧಪಟ್ಟದ್ದು. ವಯಸ್ಸಾದಂತೆ ಮಿದುಳು ಸ್ವಲ್ಪ ಕುಗ್ಗುತ್ತದೆ. ಮಿದುಳಿನಿಂದ ಹೊದಿಕೆಗೆ ಹಾಯುವ ಸಣ್ಣ ರಕ್ತನಾಳಗಳು ಬಿಗಿಯಾಗಿ ಎಳೆದಂತಾಗುತ್ತವೆ. ಮೆಟ್ಟಿಲಲ್ಲಿ ಜಾರಿ ಬಿದ್ದ, ಬೀರುವಿನ ಬಾಗಿಲು ಬಡಿದ ಚಿಕ್ಕ ಪೆಟ್ಟಿಗೂ ಅವು ಹರಿಯಬಹುದು. ರಕ್ತ ಹನಿಹನಿಯಾಗಿ ಸೇರುತ್ತಾ ಹೋಗಿ ಮೂರು ವಾರ, ನಾಲ್ಕು ವಾರ, ಕೆಲವೊಮ್ಮೆ ಅದಕ್ಕೂ ತಡವಾಗಿ ತನ್ನ ಇರವನ್ನು ತೋರಿಸುತ್ತದೆ. ಹೃದಯದ ತೊಂದರೆಗೆ ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ, ದಿನವೂ ಕುಡಿಯುವವರಿಗೆ ಈ ಅಪಾಯ ಇನ್ನೂ ಹೆಚ್ಚು. ಬ್ರೆಜಿಲ್ ಅಧ್ಯಕ್ಷ ಲೂಲಾ 2024ರ ಅಕ್ಟೋಬರ್ 19ರಂದು ಬಚ್ಚಲಲ್ಲಿ ಬಿದ್ದು ತಲೆಯ ಹಿಂಭಾಗಕ್ಕೆ ಪೆಟ್ಟು ಮಾಡಿಕೊಂಡರು. ರಷ್ಯಾ ಪ್ರಯಾಣ ರದ್ದಾಯಿತು, ಬಳಿಕ ಕೆಲಸಕ್ಕೆ ಮರಳಿದರು. ಡಿಸೆಂಬರ್ ಎರಡನೆಯ ವಾರದಲ್ಲಿ ತಲೆನೋವು ಬಂತು. ಪರೀಕ್ಷೆ ಮಾಡಿದರೆ ಮಿದುಳಿನ ಪಕ್ಕ ರಕ್ತಸ್ರಾವ. ರಾಜಧಾನಿಯಿಂದ ಸಾವೊ ಪೌಲೊಗೆ ಅಂದೇ ರಾತ್ರಿ ಸಾಗಿಸಿ ಶಸ್ತ್ರಚಿಕಿತ್ಸೆ ಮಾಡಿದರು. ಬಿದ್ದು ಏಳು ವಾರ ಕಳೆದಿತ್ತು. ತಲೆನೋವು ಎಂದ ಕೂಡಲೇ ಹಳೆಯ ಪೆಟ್ಟನ್ನು ನೆನಪಿಸಿಕೊಂಡು ಪರೀಕ್ಷೆಗೆ ಹೋದದ್ದರಿಂದ ಅವರು ಉಳಿದರು.

ಅಷ್ಟು ದೂರ ಬೇಡ. ಮೈಸೂರಿನಲ್ಲಿ ಹುಟ್ಟಿ ಬೆಳೆದ ಸದ್ಗುರು ಜಗ್ಗಿ ವಾಸುದೇವ್ 2024ರಲ್ಲಿ ಸುಮಾರು ನಾಲ್ಕು ವಾರ ತೀವ್ರ ತಲೆನೋವು ಇಟ್ಟುಕೊಂಡೇ ಮಾರ್ಚ್ 8ರ ಶಿವರಾತ್ರಿಯ ಜಾಗರಣೆಯನ್ನೂ ನಡೆಸಿದರು. ಆಮೇಲೆ ಮಂಪರು, ಎಡಗಾಲಿನ ಬಲಹೀನತೆ, ವಾಂತಿ. ಮಾರ್ಚ್ 17ರಂದು ದೆಹಲಿಯಲ್ಲಿ ತುರ್ತು ಶಸ್ತ್ರಚಿಕಿತ್ಸೆ. ಅವರಿಗೆ ಆಗಿದ್ದ ರಕ್ತಸ್ರಾವಕ್ಕೆ ಪೆಟ್ಟು ಕಾರಣವೆಂದು ನಾನು ಹೇಳುತ್ತಿಲ್ಲ. ಗಟ್ಟಿ ಮನುಷ್ಯರ ದೇಹದಲ್ಲೂ ಅದು ಎಷ್ಟು ದಿನ ಬರಿಯ ತಲೆನೋವಿನ ರೂಪದಲ್ಲಿ ಕುಳಿತಿರಬಲ್ಲದು ಎಂಬುದಕ್ಕೆ ಹೇಳಿದೆ.

ನಮ್ಮ ಮನೆಗಳಲ್ಲಿ ಇದೇ ಕಾಯಿಲೆಗೆ ಬೇರೆ ಹೆಸರು ಸಿಗುತ್ತದೆ. ಅಜ್ಜಿಗೆ ಮರೆವು ಹೆಚ್ಚಾಗಿದೆ, ಕಾಲು ಎಳೆದು ನಡೆಯುತ್ತಾರೆ, ಹಗಲೆಲ್ಲ ನಿದ್ದೆ, ವಯಸ್ಸಾಯಿತಲ್ಲ. ವಯಸ್ಸು ವಾರದೊಳಗೆ ಹಾಗೆ ಮೇಲೆ ಬೀಳುವುದಿಲ್ಲ. ಒಂದು ತಿಂಗಳ ಹಿಂದೆ ಬಚ್ಚಲಲ್ಲಿ ಜಾರಿದ್ದು ಯಾರಿಗೂ ನೆನಪಿರುವುದಿಲ್ಲ, ಡಾಕ್ಟರಿಗೆ ಹೇಳುವುದೂ ಇಲ್ಲ. ತಲೆಬುರುಡೆಗೆ ಸಣ್ಣ ರಂಧ್ರ ಮಾಡಿ ಆ ರಕ್ತವನ್ನು ಹೊರಗೆ ಹರಿಸುವ ಶಸ್ತ್ರಚಿಕಿತ್ಸೆ ದಶಕಗಳಿಂದ ನಡೆದುಬಂದದ್ದು. ಮರೆವು ಬಂತೆಂದು ಮೂಲೆಗೆ ಕೂರಿಸಿದ್ದವರು ಅದಾದ ಮೇಲೆ ಮತ್ತೆ ಮನೆಯವರ ಹೆಸರು ಹಿಡಿದು ಕರೆದು ಮಾತಾಡಿದ್ದುಂಟು.

ಇನ್ನೆರಡು ಸಂಗತಿ ನಮ್ಮ ನೆಲಕ್ಕೇ ಸೇರಿದವು. ಮೊದಲನೆಯದು ಕುಡಿತ. ಮದುವೆ, ಹಬ್ಬ, ಆಟ ಎಲ್ಲದರಲ್ಲೂ ಗ್ಲಾಸು ಇರುವ ಊರು ನಮ್ಮದು. ಲೈನ್‌ಮನೆಯಲ್ಲಿ ಶನಿವಾರ ಬಟವಾಡೆಯಾದ ರಾತ್ರಿ ಬಿದ್ದವನನ್ನು ‘ಕುಡಿದು ಬಿದ್ದಿದ್ದಾನೆ, ಇಳಿದ ಮೇಲೆ ಏಳುತ್ತಾನೆ’ ಎಂದು ಚಾಪೆ ಹಾಸಿ ಮಲಗಿಸುತ್ತಾರೆ. ಕುಡಿದವನ ತೊದಲು, ತೂಕಡಿಕೆ, ವಾಂತಿ ಮತ್ತು ತಲೆಯೊಳಗೆ ರಕ್ತ ತುಂಬುತ್ತಿರುವವನ ತೊದಲು, ತೂಕಡಿಕೆ, ವಾಂತಿ ಎರಡೂ ಹೊರಗಿನಿಂದ ಒಂದೇ ಥರ. ಕುಡಿದು ತಲೆಗೆ ಪೆಟ್ಟು ಮಾಡಿಕೊಂಡವನ ಬಗ್ಗೆ ಇರಬೇಕಾದ ಎಚ್ಚರ ಕುಡಿಯದವನ ಬಗ್ಗೆ ಇರುವುದಕ್ಕಿಂತ ಹೆಚ್ಚು. ಮೇಸ್ತ್ರಿಗಳೇ, ತೋಟದ ರೈಟರುಗಳೇ, ಇದು ನಿಮ್ಮ ಕೈಯಲ್ಲಿದೆ. ಅಸ್ಸಾಮಿನಿಂದಲೋ ಜಾರ್ಖಂಡಿನಿಂದಲೋ ಬಂದ ಹುಡುಗನಿಗೆ ಇಲ್ಲಿ ಅವನ ಅಕ್ಕ ತಂಗಿ ಯಾರೂ ಇಲ್ಲ. ಅವನ ಮಾತು ನಿಮಗೆ ಸರಿಯಾಗಿ ತಿಳಿಯದಿರುವಾಗ, ಅದು ತೊದಲುತ್ತಿದೆಯೇ ಎಂದು ತಿಳಿಯುವುದು ಅವನ ಪಕ್ಕದ ಚಾಪೆಯವನಿಗೆ ಮಾತ್ರ. ಅವನನ್ನು ಕರೆದು ಕೇಳಿ.

ಎರಡನೆಯದು ನಮ್ಮ ಮಳೆಗಾಲದ ನೆಗಡಿ. ತಲೆಬುರುಡೆಯ ತಳದಲ್ಲಿ ಬಿರುಕು ಬಿಟ್ಟಿದ್ದರೆ ಮಿದುಳಿನ ಸುತ್ತಲಿನ ದ್ರವ ಮೂಗಿನಿಂದ ಅಥವಾ ಕಿವಿಯಿಂದ ಹನಿಯಬಹುದು, ಕೆಲವೊಮ್ಮೆ ಪೆಟ್ಟಾದ ಎಷ್ಟೋ ದಿನದ ಮೇಲೆ. ಜುಲೈ ತಿಂಗಳ ಕೊಡಗಿನಲ್ಲಿ ಮೂಗು ಸೋರದವರು ಯಾರು? ಹಾಗಾಗಿ ಕಷಾಯ ಕುಡಿಸಿ ಕೂರುತ್ತೇವೆ. ಒಂದೇ ಹೊಳ್ಳೆಯಿಂದ, ನೀರಿನಷ್ಟು ತಿಳಿಯಾಗಿ, ಮುಂದೆ ಬಗ್ಗಿದಾಗ ಹನಿಹನಿಯಾಗಿ ಬೀಳುತ್ತಿದ್ದರೆ, ಗಂಟಲಲ್ಲಿ ಉಪ್ಪುಪ್ಪು ರುಚಿ ಎಂದರೆ, ಅದು ನೆಗಡಿಯಲ್ಲದಿರಬಹುದು. ಆ ದಾರಿಯಲ್ಲೇ ಸೋಂಕು ಮಿದುಳಿನ ಹೊದಿಕೆಗೆ ಹತ್ತುತ್ತದೆ. ಪೆಟ್ಟಾದವನಿಗೆ ಜ್ವರ ಬಂದು ಕುತ್ತಿಗೆ ಬಿಗಿದರೆ ಡೋಲೋ ನುಂಗಿಸಿ ಕಾಯುವ ಮಾತೇ ಇಲ್ಲ, ಹೊರಡಬೇಕು.

ಹೊರಡಬೇಕು ಎಂದೆ. ಎಲ್ಲಿಗೆ? ಇಲ್ಲಿಯೇ ಕೊಡಗಿನ ಲೆಕ್ಕ ಬೆಂಗಳೂರಿನ ಲೆಕ್ಕಕ್ಕಿಂತ ಬೇರೆಯಾಗುವುದು. ಮಡಿಕೇರಿಯಲ್ಲಿ 2016ರಿಂದ ವೈದ್ಯಕೀಯ ಕಾಲೇಜಿದೆ, ಜಿಲ್ಲಾ ಆಸ್ಪತ್ರೆಯಿದೆ. ಮೊದಲು ಹೋಗಬೇಕಾದದ್ದು ಹತ್ತಿರದ ಅಂಥ ಆಸ್ಪತ್ರೆಗೇ. ಆದರೆ ತಲೆಯ ಶಸ್ತ್ರಚಿಕಿತ್ಸೆ ಎಂದಾಗ ‘ಮೈಸೂರಿಗೆ ರೆಫರ್ ಮಾಡಿದರು’ ಎಂಬ ಮಾತನ್ನು ಕೇಳದೆ ಬೆಳೆದವರು ನಮ್ಮಲ್ಲಿ ಯಾರೂ ಇಲ್ಲ. ಮಡಿಕೇರಿಯಿಂದ ಮೈಸೂರು ಸುಮಾರು 120 ಕಿಲೋಮೀಟರ್. ಮಂಗಳೂರು ಅದಕ್ಕಿಂತ ದೂರ, ಅದೂ ಸಂಪಾಜೆ ಘಾಟಿ ಇಳಿದು. ರೈಲಿಲ್ಲ, ವಿಮಾನವಿಲ್ಲ. ಗೋಣಿಕೊಪ್ಪ ಕಡೆಯಿಂದ ಹೊರಟರೆ ಆನೆಚೌಕೂರಿನ ಕಾಡು. 2018ರ ಆಗಸ್ಟ್‌ನಲ್ಲಿ ಜೋಡುಪಾಲದ ಕಡೆ ಗುಡ್ಡ ಕುಸಿದು ಮಂಗಳೂರು ದಾರಿಯೇ ಇಲ್ಲವಾಗಿತ್ತು. ಕಾವೇರಿ ಉಕ್ಕಿದಾಗ ಭಾಗಮಂಡಲ, ನಾಪೋಕ್ಲು ಕಡೆಯವರು ಮಡಿಕೇರಿಯನ್ನೇ ತಲುಪಲಾಗದ ದಿನಗಳಿವೆ. 2019ರಲ್ಲಿ ನಮ್ಮ ಹುಡುಗರು ‘ಕೊಡಗಿಗೆ ತುರ್ತು ಚಿಕಿತ್ಸೆಯ ಆಸ್ಪತ್ರೆ ಬೇಕು’ ಎಂದು ಸಾಮಾಜಿಕ ಜಾಲತಾಣದಲ್ಲಿ ದೊಡ್ಡ ಅಭಿಯಾನವನ್ನೇ ನಡೆಸಿದ್ದು, ದಾರಿಯಲ್ಲೇ ಕಳೆದುಕೊಂಡವರ ನೆನಪಿನಿಂದ. ಆ ಬೇಡಿಕೆಯನ್ನು ನಾವು ಬಿಡಬಾರದು.

ಆದರೆ ಇವತ್ತು ರಾತ್ರಿ ಆ ಆಸ್ಪತ್ರೆ ಇಲ್ಲ. ಬೆಂಗಳೂರಿನಲ್ಲಿ ನಿಮ್ಹಾನ್ಸ್ ಪಕ್ಕದ ಬೀದಿಯವನು ಇನ್ನೊಂದು ಗಂಟೆ ನೋಡೋಣ ಎಂದರೆ ಅವನು ಕಳೆದುಕೊಳ್ಳುವುದು ಒಂದು ಗಂಟೆ. ಕಕ್ಕಬ್ಬೆಯವನು ಬೆಳಿಗ್ಗೆ ನೋಡೋಣ ಎಂದರೆ ಅವನು ಆ ರಾತ್ರಿಯನ್ನೂ ಅದರ ಮೇಲೆ ಮೂರು ನಾಲ್ಕು ಗಂಟೆಯ ದಾರಿಯನ್ನೂ ಕಳೆದುಕೊಳ್ಳುತ್ತಾನೆ. ದೂರ ಇದೆ, ಮಳೆ ಇದೆ ಎಂಬುದನ್ನು ನೀವು ಕಾಯುವುದಕ್ಕೆ ಕಾರಣವಾಗಿ ಹೇಳುತ್ತೀರಿ. ದೂರ ಇರುವುದರಿಂದಲೇ, ಮಳೆ ಇರುವುದರಿಂದಲೇ ನಾವು ಬೇರೆಯವರಿಗಿಂತ ಮೊದಲು ಹೊರಡಬೇಕು. ಹೀಗೆ ಹೊರಟವರಲ್ಲಿ ಹೆಚ್ಚಿನವರು ಏನೂ ಇಲ್ಲ ಎಂದೇ ವಾಪಸು ಬರುತ್ತಾರೆ. ಬರಲಿ. ನಿಜಕ್ಕೂ ರಕ್ತಸ್ರಾವವಾಗಿರುವ ಕೆಲವರನ್ನು ಉಳಿಸಿಕೊಳ್ಳಲು ಉಳಿದವರು ಹೋಗಿ ಬರಲೇಬೇಕು, ಯಾರು ಆ ಕೆಲವರು ಎಂದು ನಮ್ಮ ಜಗಲಿಯಲ್ಲಿ ಕುಳಿತು ಹೇಳಲು ಬರುವುದಿಲ್ಲ.

ಹಾಗೆಂದು ಪ್ರತಿ ಸೀನಿಗೂ ಮೈಸೂರಿಗೆ ಓಡಿ ಎನ್ನುತ್ತಿಲ್ಲ. ಪೆಟ್ಟಾದ ಮೇಲೆ ಬೆಳಕು ಚುಚ್ಚುವುದು, ಟಿವಿ ಸದ್ದು ತಡೆಯಲಾಗದಿರುವುದು, ಓದಲು ಕೂತರೆ ಸುಸ್ತಾಗುವುದು, ಬೇಗ ಸಿಟ್ಟು ಬರುವುದು ಇವೆಲ್ಲ ಸಾಮಾನ್ಯ. ಬಹಳಷ್ಟು ದೊಡ್ಡವರಿಗೆ ಎರಡು ವಾರದಲ್ಲಿ, ಮಕ್ಕಳಿಗೆ ನಾಲ್ಕು ವಾರದೊಳಗೆ ಇಳಿಯುತ್ತವೆ. ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದಾಗ ಮಾತ್ರ ಕೋಣೆ ಗಿರ್ರೆಂದು ತಿರುಗಿ ಅರೆ ನಿಮಿಷದಲ್ಲಿ ನಿಲ್ಲುತ್ತದೆ ಎಂದರೆ ಅದು ಒಳಗಿವಿಯ ಹರಳು ಜಾರಿದ್ದಿರಬಹುದು, ಡಾಕ್ಟರು ತಲೆಯನ್ನು ಕ್ರಮವಾಗಿ ತಿರುಗಿಸಿಯೇ ಸರಿಮಾಡುತ್ತಾರೆ. ಇವಕ್ಕೆ ಬೆಳಗಿನವರೆಗೆ ಕಾಯಬಹುದು. ಕಾಯಬಾರದ್ದು ಲಕ್ಷಣಗಳ ದಿಕ್ಕು ಬದಲಾದಾಗ. ಇಳಿಯುತ್ತಿದ್ದ ನೋವು ಏರತೊಡಗಿದರೆ, ಮತ್ತೆ ಮತ್ತೆ ವಾಂತಿಯಾದರೆ, ಎಬ್ಬಿಸಿದರೂ ಸರಿಯಾಗಿ ಏಳದಿದ್ದರೆ, ಫಿಟ್ಸ್ ಬಂದರೆ, ಒಂದು ಕಣ್ಣಿನ ಪಾಪೆ ಇನ್ನೊಂದಕ್ಕಿಂತ ದೊಡ್ಡದಾದರೆ, ಎರಡೆರಡು ಕಂಡರೆ, ಕೈಯೋ ಕಾಲೋ ಸೋತರೆ, ಮಾತು ತೊದಲಿದರೆ, ಮನೆಯವರ ಗುರುತು ತಪ್ಪಿದರೆ, ಎಂದೂ ಇಲ್ಲದ ರೇಗಾಟ ಬಂದರೆ, ಆಗ 108ಕ್ಕೆ ಫೋನು ಮಾಡಿ, ಅದು ಬರುವುದು ತಡವೆಂದರೆ ಇರುವ ಗಾಡಿಯಲ್ಲೇ ಹೊರಡಿ.

ನಿದ್ದೆ ಮಾಡಲು ಬಿಡಬಾರದು ಎಂಬ ಹಳೆಯ ನಂಬಿಕೆ ಒಂದಿದೆ, ಎಬ್ಬಿಸಲೇಬಾರದು ಎಂಬ ಹಠವೂ ಒಂದಿದೆ. ಡಾಕ್ಟರು ನೋಡಿ ಕಳಿಸಿದವನು ಮಲಗಬಹುದು, ಮಲಗಬೇಕು. ಆದರೆ ಮೊದಲ ರಾತ್ರಿ ಒಬ್ಬನೇ ಮಲಗಕೂಡದು, ಮುಂದೆ ಯಾವ ರಾತ್ರಿ ಅನುಮಾನ ಬಂದರೂ ಎಬ್ಬಿಸಿ ನೋಡಬೇಕು. 1974ರಲ್ಲಿ ಗ್ಲಾಸ್ಗೋದ ಟೀಸ್‌ಡೇಲ್ ಮತ್ತು ಜೆನೆಟ್ ಎಂಬ ಇಬ್ಬರು ನರಶಸ್ತ್ರವೈದ್ಯರು ಒಂದು ಅಳತೆಗೋಲು ಮಾಡಿದರು. ಇಂದಿಗೂ ಜಗತ್ತಿನ ಆಸ್ಪತ್ರೆಗಳೆಲ್ಲ ಅದನ್ನೇ ಬಳಸುತ್ತವೆ. ಅದು ಕೇಳುವುದು ಮೂರೇ: ಕರೆದರೆ ಕಣ್ಣು ತೆರೆಯುತ್ತಾನೆಯೇ, ಕೇಳಿದ್ದಕ್ಕೆ ಸರಿಯಾಗಿ ಉತ್ತರಿಸುತ್ತಾನೆಯೇ, ಕೈ ಎತ್ತು ಎಂದರೆ ಎತ್ತುತ್ತಾನೆಯೇ. ಇದಕ್ಕೆ ಯಂತ್ರ ಬೇಡ, ನಿಮ್ಮ ಮನೆಯ ಹತ್ತನೆಯ ಕ್ಲಾಸಿನ ಹುಡುಗಿಯೂ ನೋಡಿ ಹೇಳಬಲ್ಲಳು. ನಿದ್ದೆಗುಳಿಗೆ, ಬ್ರಾಂದಿ ಇವನ್ನು ಮಾತ್ರ ಕೊಡಬೇಡಿ, ಅವು ಈ ಮೂರೂ ಗುರುತನ್ನು ಅಳಿಸಿಬಿಡುತ್ತವೆ. ಕತ್ತಲೆ ಕೋಣೆಯಲ್ಲಿ ತಿಂಗಳುಗಟ್ಟಲೆ ಮಲಗಿಸುವುದೂ ಈಗಿನ ವೈದ್ಯರ ಸಲಹೆಯಲ್ಲ. ಒಂದೆರಡು ದಿನದ ವಿಶ್ರಾಂತಿಯ ಮೇಲೆ ಮೆಲ್ಲನೆ ನಡೆದಾಡಿಸಬೇಕು ಎನ್ನುತ್ತಾರೆ.

ಇನ್ನೊಂದು ಹೊಸ ಲಕ್ಷಣವಿದೆ, ಅದಕ್ಕೆ ಸ್ಕ್ಯಾನಿಂಗೇ ಇಲ್ಲ. ವಾರಗಳು ಕಳೆದಂತೆ ಕೆಲವರು ಮಂಕಾಗುತ್ತಾರೆ. ಊಟ ಬೇಡ, ಯಾರೂ ಬೇಡ, ನಾನು ಇನ್ನು ಯಾವುದಕ್ಕೂ ಆಗದವನು ಎನ್ನುತ್ತಾರೆ. ಗಂಡಸರಾದರೆ ಅದನ್ನೂ ಹೇಳುವುದಿಲ್ಲ. ಕೋವಿ ಇಲ್ಲದ ಐನ್‌ಮನೆ ನಮ್ಮಲ್ಲಿ ಅಪರೂಪ. ಅಂಥ ಮಾತು ಕಿವಿಗೆ ಬಿದ್ದ ದಿನ ಕೋವಿಯನ್ನು, ತೋಟದ ಔಷಧಿಯ ಡಬ್ಬಿಯನ್ನು ಬೇರೆ ಮನೆಗೆ ಸಾಗಿಸಿ. ಅವನನ್ನು ಒಬ್ಬನನ್ನೇ ಬಿಡಬೇಡಿ, ಡಾಕ್ಟರಿಗೆ ತೋರಿಸಿ. ಟೆಲಿ ಮಾನಸ್ ಎಂಬ ಸರ್ಕಾರಿ ಸಹಾಯವಾಣಿ 14416, ಹಗಲು ರಾತ್ರಿ ಕನ್ನಡದಲ್ಲೇ ಮಾತಾಡುತ್ತಾರೆ. ಈ ಮಂಕುತನವೂ ಪೆಟ್ಟಿನದ್ದೇ ಲಕ್ಷಣ, ಹೇಡಿತನವಲ್ಲ.

ಹಾಕಿ ಉತ್ಸವ ನಡೆಸುವ ಒಕ್ಕಗಳಿಗೆ ಒಂದು ವಿನಂತಿ. ಅಂತರರಾಷ್ಟ್ರೀಯ ಕ್ರಿಕೆಟ್‌ನಲ್ಲಿ 2019ರ ಆಗಸ್ಟ್‌ನಿಂದ ತಲೆಗೆ ಪೆಟ್ಟಾದವನ ಬದಲು ಇನ್ನೊಬ್ಬನನ್ನು ಇಳಿಸಲು ಅವಕಾಶವಿದೆ. ಆ ತಿಂಗಳೇ ಲಾರ್ಡ್ಸ್‌ನಲ್ಲಿ ಆಸ್ಟ್ರೇಲಿಯಾದ ಸ್ಟೀವ್ ಸ್ಮಿತ್ ಬದಲಿಗೆ ಲಬುಷೇನ್ ಆಡಿದರು. ಸ್ಮಿತ್ ಪೆಟ್ಟು ತಿಂದ ದಿನ ಮತ್ತೆ ಬಂದು ಬ್ಯಾಟ್ ಮಾಡಿದ್ದರು, ಲಕ್ಷಣ ಕಾಣಿಸಿದ್ದು ಮರುದಿನ ಬೆಳಿಗ್ಗೆ. ನಮ್ಮ ಹಾಕಿಯಲ್ಲಿ ಆಟಗಾರರನ್ನು ಬದಲಿಸುವುದಕ್ಕೆ ಅಡ್ಡಿಯೇ ಇಲ್ಲ, ಬೇಕಾದಷ್ಟು ಸಲ ಬದಲಿಸಬಹುದು. ಆದ್ದರಿಂದ ತಲೆಗೆ ಚೆಂಡೋ ಕೋಲೋ ಬಡಿದವರು ಆ ದಿನ ಮತ್ತೆ ಮೈದಾನಕ್ಕೆ ಇಳಿಯಕೂಡದು ಎಂದು ನಿಯಮ ಮಾಡಲು ಯಾವ ಕಷ್ಟವೂ ಇಲ್ಲ. ಗುಣವಾಗುವ ಮೊದಲೇ ಬಿದ್ದ ಎರಡನೆಯ ಪೆಟ್ಟು ಎಳೆಯ ಮಕ್ಕಳನ್ನು ಕೊಂದದ್ದಿದೆ. ಉತ್ತರ ಐರ್ಲೆಂಡಿನ 14 ವರ್ಷದ ಬೆಂಜಮಿನ್ ರಾಬಿನ್ಸನ್ 2011ರಲ್ಲಿ ಶಾಲೆಯ ರಗ್ಬಿ ಪಂದ್ಯದಲ್ಲಿ ಪೆಟ್ಟು ಬಿದ್ದ ಮೇಲೂ ಆಡುತ್ತಲೇ ಹೋಗಿ ಸತ್ತ. ಕಪ್ ನಡೆಸುವ ಖರ್ಚಿನಲ್ಲಿ ಒಬ್ಬ ವೈದ್ಯ, ಒಂದು ಆಂಬ್ಯುಲೆನ್ಸ್, ಪೆಟ್ಟಾದವರ ಮನೆಯವರ ಕೈಗೆ ಕನ್ನಡದಲ್ಲಿ ಅಚ್ಚು ಹಾಕಿದ ಒಂದು ಹಾಳೆ ಕೊಡುವುದು ದೊಡ್ಡ ಹೊರೆಯಾಗದು.

ಉಳಿದದ್ದು ನಿಮ್ಮ ಮಾತಿನ ಬೆಲೆಯ ವಿಷಯ. ಕೊಡಗಿನ ಮನೆಯಲ್ಲಿ ಹಿರಿಯರು ಬೇಡ ಎಂದರೆ ಗಾಡಿ ಹೊರಡುವುದಿಲ್ಲ, ಅದು ಇಂದಿಗೂ ನಿಜ. ತಲೆಗೆ ಪೆಟ್ಟಾದವನ ಪಕ್ಕ ರಾತ್ರಿ ಎದ್ದು ಕೂರುವವರು ಮಾತ್ರ ಹೆಚ್ಚಾಗಿ ಹೆಂಡತಿ, ತಾಯಿ, ಅಕ್ಕ, ಲೈನ್‌ಮನೆಯಲ್ಲಾದರೆ ಪಕ್ಕದ ಚಾಪೆಯ ಗೆಳೆಯ. ಬದಲಾವಣೆ ಮೊದಲು ಕಾಣುವುದು ಅವರಿಗೆ. ‘ಇವರು ಇವರ ಹಾಗಿಲ್ಲ’ ಎಂಬ ಮಾತನ್ನು ಒಳ್ಳೆಯ ಡಾಕ್ಟರು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ನೀವೂ ತೆಗೆದುಕೊಳ್ಳಬೇಡಿ. ನಿಮ್ಮ ಮನೆಯಲ್ಲಿ ಈಗ ತಲೆಪೆಟ್ಟಿನಿಂದ ಚೇತರಿಸಿಕೊಳ್ಳುತ್ತಿರುವವರು ಯಾರಾದರೂ ಇದ್ದರೆ ಇವತ್ತೇ ಅವರನ್ನು ನೋಡಿಕೊಳ್ಳುತ್ತಿರುವವರನ್ನು ಕರೆದು, ಅನುಮಾನ ಬಂದರೆ ಯಾವ ಹೊತ್ತಿಗಾದರೂ ನನ್ನನ್ನು ಎಬ್ಬಿಸು, ಹೊರಡೋಣ ಎಂದು ಹೇಳಿ. ಗಾಡಿಗೆ ಡೀಸೆಲ್ ಹಾಕಿಸಿಡಿ, ಡಿಸ್ಚಾರ್ಜ್ ಚೀಟಿ ಮತ್ತು ಅವರು ನುಂಗುವ ಮಾತ್ರೆಗಳ ಪಟ್ಟಿಯನ್ನು ಒಂದೇ ಕವರಿನಲ್ಲಿಟ್ಟು ಬಾಗಿಲ ಬಳಿ ತೂಗುಹಾಕಿ.

ಇಂತಿ ನಿಮ್ಮ ಮನೆಮಗಳು